ಹೋಂ ಸ್ಟೇ ತೆರೆಯುವ ಮುನ್ನ ಮನೆಯಾಕೆಯನ್ನು ಕೇಳಿದಿರಾ?

ಕೊಪ್ಪ, ಶೃಂಗೇರಿ, ತೀರ್ಥಹಳ್ಳಿ ಕಡೆಯ ಮದುವೆ ಮನೆಗಳಲ್ಲಿ ಊಟದ ಪಂಕ್ತಿಗೆ ಕಾಯುತ್ತ ಕೂತವರ ಮಾತು ಮೊದಲು ಅಡಿಕೆ ರೇಟಿನ ಸುತ್ತ ಸುತ್ತುತ್ತದೆ. ಅಲ್ಲಿಂದ ಕೊಳೆ ಔಷಧಿಗೆ, ಎಲೆಚುಕ್ಕಿ ರೋಗಕ್ಕೆ, ಕೊನೆ ತೆಗೆಯುವವರು ಸಿಗದ ಕಷ್ಟಕ್ಕೆ ಹೊರಳುತ್ತದೆ. ಕೆಲವು ವರ್ಷಗಳಿಂದ ಅದರ ಬೆನ್ನಿಗೇ ಇನ್ನೊಂದು ಮಾತು ಬರುತ್ತಿದೆ: ‘ನಾವೂ ಒಂದು ಹೋಂ ಸ್ಟೇ ಮಾಡಿದ್ರೆ ಹೆಂಗೆ?’

ಕೇಳುವವರ ಕಾರಣಗಳು ಸುಳ್ಳಲ್ಲ. ಶೃಂಗೇರಿ, ಕೊಪ್ಪ ಭಾಗದ ತೋಟಗಳನ್ನು ಹಳದಿ ಎಲೆ ರೋಗ ದಶಕಗಳಿಂದ ತಿನ್ನುತ್ತಿದೆ. ಎಲೆಚುಕ್ಕಿ ಅದರ ಮೇಲೆ ಬಂದು ಕೂತಿದೆ. ಮಕ್ಕಳು ಬೆಂಗಳೂರಿನಲ್ಲೋ ಪುಣೆಯಲ್ಲೋ ಇದ್ದಾರೆ. ಅವಿಭಕ್ತ ಕುಟುಂಬಕ್ಕೆಂದು ಕಟ್ಟಿದ ಚೌಕಿ ಮನೆಯಲ್ಲಿ ಈಗ ಅರವತ್ತು ದಾಟಿದ ಗಂಡ ಹೆಂಡತಿ ಇಬ್ಬರೇ. ಮಾಳಿಗೆಯ ಕೋಣೆಗಳ ಬಾಗಿಲು ತೆರೆಯುವುದು ದೀಪಾವಳಿಗೆ ಮಾತ್ರ. ಇತ್ತ ಶನಿವಾರ ಬೆಳಗಾದರೆ ಬೆಂಗಳೂರಿನ ಕಾರುಗಳು ಸಾಲುಗಟ್ಟಿ ಮಲೆನಾಡಿನ ದಾರಿ ಹಿಡಿಯುತ್ತವೆ. ಖಾಲಿ ಕೋಣೆಯನ್ನೂ ಈ ಕಾರುಗಳನ್ನೂ ದಿನವೂ ನೋಡುವವರಿಗೆ ಆ ಯೋಚನೆ ಬಾರದೆ ಇರುವುದಿಲ್ಲ.

ಈ ಬರಹ ಅಂಥವರಿಗಾಗಿ. ಎಂಟು ಕಾಟೇಜು, ಈಜುಕೊಳ, ಮ್ಯಾನೇಜರು ಎಂದು ಯೋಚಿಸುವವರ ಲೆಕ್ಕವೇ ಬೇರೆ, ಅದು ರೆಸಾರ್ಟಿನ ಲೆಕ್ಕ. ಇರುವ ಮನೆಯಲ್ಲೇ ಒಂದೋ ಎರಡೋ ಕೋಣೆ ಅತಿಥಿಗಳಿಗೆ ಕೊಡಬೇಕು ಎಂದುಕೊಂಡವರಿಗೆ ನಾನು ಮೊದಲು ಹೇಳುವುದು ಒಂದೇ ಮಾತು. ಹಾಸಿಗೆ, ಗೀಸರ್, ಆ್ಯಪ್ ಎಲ್ಲ ಆಮೇಲಿನ ಮಾತು. ಹೋಂ ಸ್ಟೇಯ ಅಸಲು ಬಂಡವಾಳ ಆ ಮನೆಯಲ್ಲಿ ಬದುಕುವ ಜನ, ಅದರಲ್ಲೂ ಅಡುಗೆಮನೆಯಲ್ಲಿ ನಿಲ್ಲುವ ಹೆಂಗಸು. ಆಕೆಯ ಮನಸ್ಸನ್ನೂ ಮೈಶ್ರಮವನ್ನೂ ಎಣಿಸದೆ ಶುರುವಾದ ಹೋಂ ಸ್ಟೇಗಳು ಕೆಲವೇ ವರ್ಷಗಳಲ್ಲಿ ಬೋರ್ಡು ಇಳಿಸಿದ್ದನ್ನು, ಇಲ್ಲವೇ ಯಾರದೋ ಕೈಗೆ ಲೀಸಿಗೆ ಹೋದದ್ದನ್ನು ಮಲೆನಾಡಿನ ಉದ್ದಕ್ಕೂ ಕಾಣಬಹುದು.

ಕಾಫಿ ಬೆಲೆ ಬಿದ್ದಾಗ ತೆರೆದ ಬಾಗಿಲು

ಬಂದವರಿಗೆ ಊಟ ಹಾಕಿ ಮಲಗಲು ಜಾಗ ಕೊಡುವುದು ನಮ್ಮ ಕಡೆಗೆ ಹೊಸದಲ್ಲ. ಬಸ್ಸು ತಪ್ಪಿದವರು, ಶೃಂಗೇರಿ, ಹೊರನಾಡು ಯಾತ್ರೆಗೆ ಹೊರಟವರು ದಾರಿಯ ಮನೆಗಳಲ್ಲಿ ತಂಗುತ್ತಿದ್ದರು. ಶಂಕರ್ ನಾಗ್ ‘ಮಾಲ್ಗುಡಿ ಡೇಸ್’ ಚಿತ್ರೀಕರಿಸಿದ ಆಗುಂಬೆಯ ದೊಡ್ಡಮನೆಯಲ್ಲಿ ಉಂಡು, ಉಳಿದು ಬಂದವರು ಅಲ್ಲಿನ ಆತಿಥ್ಯವನ್ನು ಇಂದಿಗೂ ನೆನೆಯುತ್ತಾರೆ.

ದುಡ್ಡು ಪಡೆದು ಉಳಿಸಿಕೊಳ್ಳುವ ಪದ್ಧತಿ ಕೊಡಗಿನಲ್ಲಿ, ಚಿಕ್ಕಮಗಳೂರಿನಲ್ಲಿ ಬೇರುಬಿಡಲು ಕಾರಣ ಕಾಫಿ. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ವ್ಯವಸ್ಥೆ ಮುರಿದುಬಿತ್ತು. 1990ರ ದಶಕದಲ್ಲಿ ಕಾಫಿ ಮಂಡಳಿಯ ಪೂಲಿಂಗ್ ವ್ಯವಸ್ಥೆಯೂ ಹೋಗಿ ಬೆಳೆಗಾರ ನೇರವಾಗಿ ಮಾರುಕಟ್ಟೆಯ ಕೈಗೆ ಸಿಕ್ಕ. ಆ ದಶಕದ ಕೊನೆಗೆ ಶುರುವಾದ ಬೆಲೆ ಕುಸಿತ 2000ದ ಆಚೆಗೂ ಎಳೆಯಿತು. ತೋಟದ ಖರ್ಚೂ ಹುಟ್ಟದ ಆ ವರ್ಷಗಳಲ್ಲಿ ಬಂಗಲೆಯ ಖಾಲಿ ಕೋಣೆಗಳು ಎಷ್ಟೋ ಕುಟುಂಬಗಳ ಕೈ ಹಿಡಿದವು. ಮನೆಯ ಹೆಂಗಸರು ಪಂದಿ ಕರಿ, ಕಡಂಬಿಟ್ಟು, ನೂಲ್‌ಪುಟ್ಟು ಮಾಡಿ ಬಡಿಸಿದರು. ಗಂಡಸರು ಅತಿಥಿಗಳನ್ನು ತೋಟ ಸುತ್ತಿಸಿ ಅರೇಬಿಕಾ ಯಾವುದು, ರೊಬಸ್ಟಾ ಯಾವುದು ಎಂದು ತೋರಿಸಿದರು. ಬಾಯಿಂದ ಬಾಯಿಗೆ ಹೆಸರು ಹರಡಿತು.

ಇಂದು ಜಗತ್ತಿನಾದ್ಯಂತ ಹೆಸರಾದ ಬುಕಿಂಗ್ ಆ್ಯಪ್ ಏರ್‌ಬಿಎನ್‌ಬಿಯ ಹುಟ್ಟೂ ಇಂಥದ್ದೇ. 2007ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಬಾಡಿಗೆ ಕಟ್ಟಲು ಪರದಾಡುತ್ತಿದ್ದ ಇಬ್ಬರು ಯುವಕರು, ಊರಿನಲ್ಲಿ ನಡೆಯುತ್ತಿದ್ದ ವಿನ್ಯಾಸ ಸಮ್ಮೇಳನಕ್ಕೆ ಬಂದವರಿಗೆ ತಮ್ಮ ಮನೆಯಲ್ಲೇ ಗಾಳಿ ತುಂಬಿದ ಹಾಸಿಗೆ ಹಾಸಿಕೊಟ್ಟರು. ಮರುವರ್ಷ ಅದು ಕಂಪನಿಯಾಯಿತು. ಅಲ್ಲೂ ಕಷ್ಟಕಾಲ, ಇಲ್ಲೂ ಕಷ್ಟಕಾಲ. ಎರಡೂ ಕಡೆ ಮೊದಲ ಅತಿಥಿ ಬಂದಾಗ ಮನೆಯವರು ಮನೆಯಲ್ಲೇ ಇದ್ದರು.

ಈ ಕೊನೆಯ ಸಂಗತಿ ಮುಖ್ಯ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಹೋಂ ಸ್ಟೇ ಯೋಜನೆಯ ಪ್ರಕಾರ ಬಾಡಿಗೆಗೆ ಕೊಡುವ ಕೋಣೆಗಳು ಒಂದರಿಂದ ಆರು, ಹಾಸಿಗೆ ಹೆಚ್ಚೆಂದರೆ ಹನ್ನೆರಡು. ಮಾಲೀಕರ ಕುಟುಂಬ ಅದೇ ಮನೆಯಲ್ಲಿ ವಾಸವಿರಬೇಕು. ನಮ್ಮ ರಾಜ್ಯದ ನಿಯಮದ ಹುರುಳೂ ಇದೇ. ಮಾಲೀಕರು ಬೆಂಗಳೂರಿನಲ್ಲಿದ್ದು, ಕೀಲಿಕೈ ಕೊಡಲು ಒಬ್ಬ ಹುಡುಗನನ್ನು ಇಟ್ಟು, ‘ಹೋಂ ಸ್ಟೇ’ ಎಂದು ಬೋರ್ಡು ಹಾಕಿದ್ದು ನನ್ನ ಪ್ರಕಾರ ಪರವಾನಗಿ ಇಲ್ಲದ ಲಾಡ್ಜು. ರಾತ್ರಿಯಿಡೀ ಡಿಜೆ, ತೋಟದ ಬೇಲಿಯಾಚೆ ಬಾಟಲಿ, ಊರವರ ಜತೆ ಜಗಳ ಎಂಬ ದೂರುಗಳು ಹೆಚ್ಚಾಗಿ ಬರುವುದು ಇಂಥ ಕಡೆಗಳಿಂದಲೇ. ಮನೆಯವರು ಇರುವಲ್ಲಿ ಅತಿಥಿಯ ನಡವಳಿಕೆಯೇ ಬೇರೆಯಾಗಿರುತ್ತದೆ.

ಶುಕ್ರವಾರ ಸಂಜೆಯಿಂದ ಭಾನುವಾರ ಮಧ್ಯಾಹ್ನದವರೆಗೆ

ಕೊಪ್ಪ ತಾಲ್ಲೂಕಿನ ಒಂದು ತೋಟದ ಮನೆ. ಎರಡು ಕೋಣೆ, ಈ ವಾರ ಆರು ಜನ ಅತಿಥಿಗಳು. ಶುಕ್ರವಾರ ಸಂಜೆಯೇ ಹಾಸಿಗೆ ಕೊಡವಿ, ಹೊದಿಕೆ ಬದಲಿಸಿ, ಬಚ್ಚಲು ತಿಕ್ಕಿ ಆಗಿದೆ. ರಾತ್ರಿ ಕಡುಬಿಗೆ ಅಕ್ಕಿ ತರಿ ಸಿದ್ಧವಾಗುತ್ತದೆ. ಶನಿವಾರ ಬೆಳಗ್ಗೆ ಹನ್ನೊಂದಕ್ಕೆ ಬರುತ್ತೇವೆ ಎಂದವರು ದಾರಿಯಲ್ಲಿ ತಿಂಡಿಗೆ ನಿಂತು, ಜಲಪಾತಕ್ಕೆ ಹೋಗಿ, ಮಧ್ಯಾಹ್ನ ಮೂರಕ್ಕೆ ಬಂದು ಊಟ ಕೇಳುತ್ತಾರೆ. ಸಾರು ಮತ್ತೆ ಬಿಸಿಯಾಗಬೇಕು. ಹಪ್ಪಳ ಮತ್ತೆ ಕರಿಯಬೇಕು. ಐದಕ್ಕೆ ಕಾಫಿ, ಜತೆಗೆ ಬಾಳೆಕಾಯಿ ಪೋಡಿ. ರಾತ್ರಿ ಕೆಂಡದ ಮೇಲೆ ಉಬ್ಬಿಸಿದ ಅಕ್ಕಿ ರೊಟ್ಟಿ.

ಈ ರೊಟ್ಟಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮಾಡಿಟ್ಟರೆ ಅದು ತೊಗಲಾಗುತ್ತದೆ. ಒಂದೊಂದಾಗಿ ತಟ್ಟೆಗೆ ಹೋಗಬೇಕು. ಆರು ಜನ ತಲಾ ನಾಲ್ಕು ತಿಂದರೆ ಇಪ್ಪತ್ತನಾಲ್ಕು ರೊಟ್ಟಿ. ಅಷ್ಟನ್ನೂ ಲಟ್ಟಿಸಿ, ಕಾವಲಿಗೆ ಹಾಕಿ, ಕೆಂಡಕ್ಕೆ ಒಡ್ಡಿ, ಉಬ್ಬಿದ ಕೂಡಲೇ ಬಡಿಸಿ ಮುಗಿಸುವವರೆಗೆ ಮನೆಯಾಕೆ ಒಲೆಯ ಮುಂದಿನಿಂದ ಕದಲುವಂತಿಲ್ಲ. ಆಕೆ ಉಣ್ಣುವುದು ಹತ್ತೂವರೆಗೆ. ಬೆಳಗ್ಗೆ ಐದೂವರೆಗೆ ಹಂಡೆಗೆ ಬೆಂಕಿ ಹಾಕಬೇಕು, ಏಕೆಂದರೆ ಸೂರ್ಯೋದಯ ನೋಡಲು ಹೊರಟವರಿಗೆ ಬಿಸಿನೀರು ಬೇಕು.

‘ಒಂದು ಸಾಕು ಆಂಟಿ ಅಂತಾರೆ, ನಾಲ್ಕು ತಿಂತಾರೆ. ತಿನ್ಲಿ, ನಂಗೂ ಖುಷಿನೇ. ಆದ್ರೆ ಸೋಮವಾರ ಒಂಚೂರು ಮಲಗೋಣ ಅಂದ್ರೆ ಅವತ್ತೇ ತೋಟಕ್ಕೆ ಆಳು ಬರ್ತಾರೆ’ ಎಂದರು ಆ ಮನೆಯ ಗೃಹಿಣಿ. ಹೇಳುವಾಗ ಅವರ ದನಿಯಲ್ಲಿ ದೂರು ಇರಲಿಲ್ಲ. ಆದರೆ ಆ ಮಾತಿನಲ್ಲಿ ಹೋಂ ಸ್ಟೇಯ ಇಡೀ ಅರ್ಥಶಾಸ್ತ್ರ ಇದೆ. ಅವರು ಕೆಲಸಕ್ಕೆ ನಿಂತದ್ದರಿಂದ ಅಡುಗೆಯವರಿಗೆ ಸಂಬಳ ಕೊಡಬೇಕಾಗಿಲ್ಲ. ಸಂಬಳ ಕೊಡದೆ ಇರುವುದರಿಂದ ಲಾಭ ಕಾಣುತ್ತದೆ.

ಒಂದು ಲೆಕ್ಕ ಹಾಕಿ ನೋಡೋಣ. ತಲೆಗೆ 1,800 ರೂಪಾಯಿ, ಊಟ ತಿಂಡಿ ಸೇರಿ. ನಾಲ್ಕು ಜನ ಒಂದು ರಾತ್ರಿ ಉಳಿದರೆ 7,200. ಇದರಲ್ಲಿ ಬುಕಿಂಗ್ ಆ್ಯಪಿನ ಕಮಿಷನ್ ಶೇ 15 ಎಂದಿಟ್ಟುಕೊಂಡರೆ 1,080 ಹೋಯಿತು. ದಿನಸಿ, ತರಕಾರಿ, ಹಾಲಿಗೆ 1,600. ಸಹಾಯಕ್ಕೆ ಬರುವ ಒಬ್ಬರಿಗೆ ಕೂಲಿ 600. ಗ್ಯಾಸು, ಕರೆಂಟು, ಸೌದೆ 500. ಸೋಪು, ಬಟ್ಟೆ ಒಗೆತ 200. ಹರಿದ ಹೊದಿಕೆ, ಕೆಟ್ಟ ನಲ್ಲಿ, ಸುಣ್ಣಬಣ್ಣಕ್ಕೆಂದು ಎತ್ತಿಡಬೇಕಾದ್ದು 700. ಎಲ್ಲ ಕಳೆದರೆ ಕೈಯಲ್ಲಿ ಉಳಿಯುವುದು 2,520. ಇನ್ನು ಮನೆಯಾಕೆಯ ಎರಡು ದಿನದ ದುಡಿಮೆಗೆ ದಿನಕ್ಕೆ 800ರಂತೆ 1,600 ಕೂಲಿ ಹಿಡಿಯಿರಿ. ನಿಜವಾದ ಉಳಿತಾಯ 920 ರೂಪಾಯಿ.

ಮಳೆ, ಪರೀಕ್ಷೆ, ಸೂತಕ, ಮನೆಯ ಮದುವೆ ಮುಂಜಿ ಎಲ್ಲ ಕಳೆದು ವರ್ಷಕ್ಕೆ ಮೂವತ್ತು ವಾರಾಂತ್ಯ ತುಂಬಿತು ಎನ್ನೋಣ. ಆಗ ಮನೆಯಾಕೆಯ ಕೂಲಿಯೂ ಸೇರಿ ವರ್ಷಕ್ಕೆ ಬರುವುದು 75,600. ಎರಡು ಕೋಣೆಯ ಮನೆಗೆ ಇದು ಬೇಡವೆನ್ನುವ ಮೊತ್ತವಲ್ಲ. ಆದರೆ ಇದೇ ಆಸೆಗೆ ಎಂಟು ಲಕ್ಷ ಸಾಲ ಮಾಡಿ ಹೊಸ ಕಾಟೇಜು ಕಟ್ಟಿದರೆ ಶೇ 10ರಂತೆ ಮೊದಲ ವರ್ಷದ ಬಡ್ಡಿಯೇ 80,000. ಮನೆಯಾಕೆ ವರ್ಷವಿಡೀ ರೊಟ್ಟಿ ಸುಟ್ಟದ್ದು ಬ್ಯಾಂಕಿಗೆ ಸಂದಾಯ. ದರ, ಖರ್ಚು ನಿಮ್ಮ ಊರಿಗೆ ತಕ್ಕಂತೆ ಬದಲಾದೀತು. ಲೆಕ್ಕದಲ್ಲಿ ಆಕೆಯ ಕೂಲಿಯ ಸಾಲು ಮಾತ್ರ ಬಿಟ್ಟುಹೋಗಬಾರದು.

ಆದ್ದರಿಂದ ಮೊದಲ ಎರಡು ವರ್ಷ ಇರುವ ಕೋಣೆಗಳಲ್ಲೇ ನಡೆಸಿ. ದುಡ್ಡು ಹಾಕಲೇಬೇಕಾದ್ದು ಬಚ್ಚಲಿಗೆ, ಹಾಸಿಗೆಗೆ, ವಿದ್ಯುತ್ ವೈರಿಂಗ್‌ಗೆ. ಅಷ್ಟಕ್ಕೆ ಸಾಲ ಬೇಕಿದ್ದರೆ ಮುದ್ರಾ ಯೋಜನೆ ಇದೆ. ಹೋಂ ಸ್ಟೇಗಳಿಗೆ ಮುದ್ರಾ ಸಾಲ ಕೊಡುವುದಾಗಿ 2025ರ ಕೇಂದ್ರ ಬಜೆಟ್ ಹೇಳಿದೆ. ಅದರಲ್ಲಿ ‘ಶಿಶು’ ವರ್ಗದಲ್ಲಿ 50 ಸಾವಿರದವರೆಗೆ, ‘ಕಿಶೋರ’ದಲ್ಲಿ 5 ಲಕ್ಷದವರೆಗೆ ಸಾಲ ಸಿಗುತ್ತದೆ.

ಕಾಗದಪತ್ರ ಮೊದಲು, ಫೋಟೊ ಆಮೇಲೆ

ಆ್ಯಪಿನಲ್ಲಿ ಮನೆ ಹಾಕಲು ಅರ್ಧ ಗಂಟೆ ಸಾಕು. ಅದಕ್ಕೇ ಹಲವರು ಅಲ್ಲಿಂದ ಶುರು ಮಾಡುತ್ತಾರೆ. ಶುರುವಾಗಬೇಕಾದ್ದು ಪ್ರವಾಸೋದ್ಯಮ ಇಲಾಖೆಯ ಜಿಲ್ಲಾ ಕಚೇರಿಯಿಂದ. ಮನೆಯ ದಾಖಲೆ, ಗ್ರಾಮ ಪಂಚಾಯಿತಿ ಮತ್ತು ಪೊಲೀಸರ ಎನ್‌ಒಸಿ ಸೇರಿಸಿ ಅರ್ಜಿ ಕೊಟ್ಟರೆ ಸ್ಥಳ ಪರಿಶೀಲನೆಯ ನಂತರ ನೋಂದಣಿಯಾಗುತ್ತದೆ. ಪಂಚಾಯಿತಿಗೆ ಹೋದಾಗಲೇ ಮನೆಕಂದಾಯದ ವಿಚಾರ, ಮೆಸ್ಕಾಂ ಕಚೇರಿಯಲ್ಲಿ ಮೀಟರಿನ ವಿಚಾರ ಕೇಳಿಕೊಂಡು ಬಿಡಿ. ಅಡುಗೆ ಬಡಿಸುವುದಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಬೇಕು. ಸಣ್ಣ ವಹಿವಾಟಿನವರಿಗೆ ದೊಡ್ಡ ಪರವಾನಗಿ ಬೇಕಿಲ್ಲ, ವರ್ಷಕ್ಕೆ 100 ರೂಪಾಯಿಯ ಮೂಲ ನೋಂದಣಿ ಸಾಕು. ಅಬಕಾರಿ ಪರವಾನಗಿ ಇಲ್ಲದೆ ಮದ್ಯ ಮಾರುವಂತಿಲ್ಲ. ಮನೆಯಲ್ಲೇ ಮಾಡಿದ ವೈನನ್ನು ಬಿಲ್ಲಿಗೆ ಸೇರಿಸುವುದೂ ಮಾರಾಟವೇ.

ತೋಟದ ಮೂಲೆಯಲ್ಲಿ ಹೊಸದಾಗಿ ಕಟ್ಟುವ ಯೋಚನೆ ಇದ್ದರೆ ಜಮೀನಿನ ಪಹಣಿ ಮುಂದಿಟ್ಟುಕೊಂಡು ಕೂರಬೇಕು. ಕೃಷಿ ಜಮೀನನ್ನು ಬೇರೆ ಉದ್ದೇಶಕ್ಕೆ ಬಳಸಲು 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 95ನೇ ಸೆಕ್ಷನ್ ಪ್ರಕಾರ ಭೂ ಪರಿವರ್ತನೆ ಆಗಬೇಕು. ಆಮೇಲೆ ನೋಡಿಕೊಳ್ಳೋಣ ಎಂದವರಿಗೆ ಏನಾಗಬಹುದು ಎಂಬುದಕ್ಕೆ ಹಂಪಿಯ ಎದುರು ದಡದ ವಿರುಪಾಪುರಗಡ್ಡಿ ಸಾಕ್ಷಿ. ವರ್ಷಗಟ್ಟಲೆ ವಿದೇಶಿಯರಿಂದ ತುಂಬಿರುತ್ತಿದ್ದ ಅಲ್ಲಿನ ರೆಸಾರ್ಟು, ಗೆಸ್ಟ್‌ಹೌಸುಗಳ ತೆರವಿಗೆ 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಸಮ್ಮತಿಸಿತು. ಮುಂದಿನ ತಿಂಗಳೇ ಜೆಸಿಬಿಗಳು ಬಂದವು. ಹಂಪಿ ವಿಶ್ವ ಪರಂಪರೆಯ ತಾಣ, ಅಲ್ಲಿನ ನಿಯಮ ಇನ್ನಷ್ಟು ಬಿಗಿ ನಿಜ. ಆದರೆ ಅರಣ್ಯದ ಅಂಚು, ನದಿಯ ದಡ, ಇಳಿಜಾರು ಗುಡ್ಡ ಎಂದರೆ ಮಲೆನಾಡಿನಲ್ಲೂ ಕೇಳಿಯೇ ಕಟ್ಟಬೇಕು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜರಿದದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ತೆರಿಗೆಯ ಮಾತು ಚುಟುಕಾಗಿ. ವರ್ಷದ ವಹಿವಾಟು 20 ಲಕ್ಷ ರೂಪಾಯಿ ಒಳಗಿದ್ದರೆ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಆ್ಯಪಿನ ಮೂಲಕ ಬಂದ ಬುಕಿಂಗಿಗೆ, ನೋಂದಣಿಯಿಲ್ಲದ ಸಣ್ಣ ಮನೆಯ ಪರವಾಗಿ ಆ್ಯಪಿನ ಕಂಪನಿಯೇ ಕೋಣೆಯ ಜಿಎಸ್‌ಟಿ ಕಟ್ಟುತ್ತದೆ. ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗಳಿಗೆ 2025ರ ಸೆಪ್ಟೆಂಬರ್ 22ರಿಂದ ಶೇ 5ರ ದರ ಜಾರಿಯಲ್ಲಿದೆ. ತೋಟಗಾರರು ಗಮನಿಸಬೇಕಾದ ಇನ್ನೊಂದು ಸಂಗತಿ: ಮನೆ ತೋಟದ ನಡುವೆ ಇದ್ದರೂ ಹೋಂ ಸ್ಟೇಯಿಂದ ಬಂದದ್ದು ಕೃಷಿ ಆದಾಯ ಅಲ್ಲ. ಆದಾಯ ತೆರಿಗೆ ರಿಟರ್ನಿನಲ್ಲಿ ಅದನ್ನು ಬೇರೆಯಾಗಿಯೇ ತೋರಿಸಬೇಕು.

ಬಂದ ಪ್ರತಿಯೊಬ್ಬ ವಯಸ್ಕರ ಗುರುತಿನ ಚೀಟಿ ನೋಡಿ ರಿಜಿಸ್ಟರಿನಲ್ಲಿ ಬರೆದುಕೊಳ್ಳಿ. ಆಧಾರ್ ಪ್ರತಿ ಇಟ್ಟುಕೊಳ್ಳುವುದಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಪ್ರತಿ ಸಾಕು. ವಿದೇಶಿಯರು ಒಬ್ಬರೇ ಬಂದರೂ ಅವರ ವಿವರವನ್ನು 24 ಗಂಟೆಯೊಳಗೆ ವಿದೇಶಿಯರ ನೋಂದಣಿ ಕಚೇರಿಗೆ ಆನ್‌ಲೈನಿನಲ್ಲಿ ಕಳಿಸಬೇಕು. ‘ಸಿ ಫಾರ್ಮ್’ ಎಂದು ಎಲ್ಲರೂ ಕರೆಯುವುದು ಇದನ್ನೇ. ಮರೆತರೆ ಕೇಸು ಬೀಳುತ್ತದೆ.

ಒಣಗದ ಹೊದಿಕೆ

ಮಲೆನಾಡಿನಲ್ಲಿ ಕೋಣೆ ಸಿದ್ಧಮಾಡುವುದೆಂದರೆ ಮಳೆಗಾಲದ ಜತೆ ಸೆಣಸುವುದು. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಬಿಳಿ ಹೊದಿಕೆ ಒಗೆದು ಹಾಕಿದರೆ ಮೂರು ದಿನವಾದರೂ ತೇವ ಆರುವುದಿಲ್ಲ. ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿದರೆ ಹೊಗೆ ವಾಸನೆ, ಹಾಗೇ ಮಡಚಿಟ್ಟರೆ ಮುಗ್ಗಲು ವಾಸನೆ. ದಿಂಬಿನ ಒಳಗೆ ಬೂಷ್ಟು ಹಿಡಿದಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಪೇಟೆಯ ಅತಿಥಿ ಮಲಗಿದ ಕೂಡಲೇ ಅದನ್ನು ಮೂಗಿನಿಂದ ಹಿಡಿಯುತ್ತಾನೆ. ‘ಜಾಗ ಚೆನ್ನಾಗಿದೆ, ಊಟ ಅದ್ಭುತ, ಹಾಸಿಗೆ ವಾಸನೆ’ ಎಂಬ ಒಂದು ಸಾಲಿನ ವಿಮರ್ಶೆ ಮುಂದಿನ ಹತ್ತು ಬುಕಿಂಗುಗಳನ್ನು ಓಡಿಸುತ್ತದೆ.

ಅನುಭವಿಗಳು ಇದಕ್ಕೆ ಮಾಡಿಕೊಂಡ ದಾರಿಗಳಿವೆ. ಒಂದು ಹಾಸಿಗೆಗೆ ಮೂರು ಜತೆ ಹೊದಿಕೆ ಇಡುತ್ತಾರೆ. ದಪ್ಪ ಹತ್ತಿಯ ಬದಲು ತೆಳು ಬಟ್ಟೆ ಆರಿಸುತ್ತಾರೆ. ಅಡಿಕೆ ಒಣಗಿಸಲು ಮಾಡಿಸಿದ ಡ್ರೈಯರ್ ಕೋಣೆ ಮಳೆಗಾಲದಲ್ಲಿ ಖಾಲಿ ಇದ್ದರೆ ಅದರಲ್ಲಿ ಹಗ್ಗ ಕಟ್ಟುತ್ತಾರೆ. ಹತ್ತಿಯ ಹಾಸಿಗೆ, ದಿಂಬುಗಳನ್ನು ಬಿಸಿಲು ಕಂಡ ದಿನವೆಲ್ಲ ಅಂಗಳಕ್ಕೆ ತರುತ್ತಾರೆ. ಅತಿಥಿ ಇಲ್ಲದ ದಿನಗಳಲ್ಲೂ ಕೋಣೆಯ ಕಿಟಕಿ ತೆರೆದು, ಫ್ಯಾನು ತಿರುಗಿಸಿ ಗಾಳಿಯಾಡಿಸುತ್ತಾರೆ. ಇಷ್ಟು ಕೆಲಸ ಆಗುವುದಿಲ್ಲ ಎನಿಸಿದರೆ ಜುಲೈ, ಆಗಸ್ಟ್ ಬಾಗಿಲು ಹಾಕುವುದೇ ಮರ್ಯಾದೆ. ಮಳೆ ನೋಡಲು ಬರುವವರು ಈಗ ಬಹಳ, ಆ ದುಡ್ಡು ಬಿಡುವುದು ಕಷ್ಟ. ಆದರೂ ತೇವದ ಹಾಸಿಗೆ ಕೊಟ್ಟು ದುಡ್ಡು ಪಡೆಯುವುದಕ್ಕಿಂತ ಬಿಡುವುದು ಮೇಲು.

ಬಚ್ಚಲಲ್ಲಿ ಒಂದು ಜೀವದ ಪ್ರಶ್ನೆ ಇದೆ. ಗ್ಯಾಸ್ ಗೀಸರನ್ನು ಬಚ್ಚಲ ಒಳಗೆ ಕೂರಿಸಬೇಡಿ. ಗಾಳಿಯಾಡದ ಸಣ್ಣ ಕೋಣೆಯಲ್ಲಿ ಅದು ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನಕ್ಕೆ ಹೋದವರು ಹೊರಗೆ ಬಾರದೆ ಸತ್ತ ಸುದ್ದಿ ಪತ್ರಿಕೆಗಳಲ್ಲಿ ಪ್ರತಿ ಚಳಿಗಾಲ ಎನ್ನುವಂತೆ ಬರುತ್ತದೆ. ಗೀಸರ್ ಹೊರಗೋಡೆಗಿರಲಿ, ಇಲ್ಲವೇ ಸೋಲಾರ್ ಮತ್ತು ಹಂಡೆ ಸಾಕು. ಶೌಚಾಲಯದ ಗುಂಡಿ ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 50 ಅಡಿ ದೂರ, ಅದೂ ಇಳಿಜಾರಿನ ಕೆಳಬದಿಗೆ ಇರಬೇಕು. ಇಬ್ಬರಿದ್ದ ಮನೆಯ ಗುಂಡಿ ಎಂಟು ಜನರಿಗೆ ಸಾಲುತ್ತದೆಯೇ ಎಂಬುದನ್ನು ಮೇಸ್ತ್ರಿಯ ಹತ್ತಿರ ಕೇಳಿ.

ಫೋನಿನಲ್ಲೇ ಅರ್ಧ ಕೆಲಸ

ಅತಿಥಿ ಯಾರು ಎಂಬುದು ತಿಳಿಯುವುದು ಮೊದಲ ಫೋನಿನಲ್ಲಿ. ಎಷ್ಟು ಜನ, ಮಕ್ಕಳಿದ್ದಾರೆಯೇ, ಎಷ್ಟು ಹೊತ್ತಿಗೆ ಬರುತ್ತೀರಿ, ಊಟದಲ್ಲಿ ಏನು ಬೇಡ ಎಂದು ಕೇಳಿ. ನಿಮ್ಮ ಮನೆಯ ಕ್ರಮವನ್ನೂ ಆಗಲೇ ಹೇಳಿಬಿಡಿ. ‘ಕ್ಯಾಂಪ್ ಫೈರ್ ಹಾಕ್ಕೊಡ್ತೀವಿ ಮಗಾ, ಆದ್ರೆ ಸ್ಪೀಕರ್ ಬೇಡ, ಪಕ್ಕದ ಮನೇಲಿ ವಯಸ್ಸಾದವರಿದ್ದಾರೆ’ ಎಂದರೆ ಒಪ್ಪುವವರು ಬರುತ್ತಾರೆ, ಒಪ್ಪದವರು ಬೇರೆ ಕಡೆ ಹೋಗುತ್ತಾರೆ. ಇಬ್ಬರಿಗೂ ಒಳ್ಳೆಯದು. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಧ್ವನಿವರ್ಧಕ ಕೂಡದು ಎಂದು 2000ದ ಶಬ್ದ ಮಾಲಿನ್ಯ ನಿಯಮಗಳೇ ಹೇಳುತ್ತವೆ.

ದಾರಿಯ ವಿಚಾರದಲ್ಲಿ ಪೂರ್ತಿ ಸತ್ಯ ಹೇಳಿ. ‘ಮುಖ್ಯರಸ್ತೆಯಿಂದ ಒಳಗೆ ಎರಡು ಕಿಲೋಮೀಟರ್ ಮಣ್ಣುದಾರಿ, ಮಳೆ ಬಂದರೆ ಸಣ್ಣ ಕಾರಿನ ತಳ ತಾಗುತ್ತದೆ, ಜೀಪು ಕಳಿಸುತ್ತೇವೆ, ಅದಕ್ಕೆ ಇಷ್ಟು’ ಎಂಬ ಸಂದೇಶ, ಲೊಕೇಶನ್ ಜತೆಗೆ ಹೋಗಬೇಕು. ಫೋಟೊದ ವಿಷಯದಲ್ಲೂ ಹಾಗೇ. ಕಿಟಕಿಯಿಂದ ಕಾಣದ ಗುಡ್ಡವನ್ನು ಕೋಣೆಯ ಚಿತ್ರದ ಪಕ್ಕ ಹಾಕಬೇಡಿ. ನೆಟ್‌ವರ್ಕ್ ಇಲ್ಲದಿದ್ದರೆ ಇಲ್ಲ ಎನ್ನಿ, ಕೆಲವರು ಅದಕ್ಕಾಗಿಯೇ ಬರುತ್ತಾರೆ.

ಮುಂಗಡ ಪಡೆಯುವಾಗ ಎಚ್ಚರ ಬೇಕು. ಸೇನೆಯ ಅಧಿಕಾರಿ ಎಂದು ಹೇಳಿಕೊಂಡು ಹತ್ತು ಕೋಣೆ ಕೇಳುವ, ಮುಂಗಡ ಕಳಿಸಲು ‘ಈ ಕ್ಯುಆರ್ ಸ್ಕ್ಯಾನ್ ಮಾಡಿ’ ಎನ್ನುವ ವಂಚಕರ ಬಲೆಗೆ ಅನೇಕರು ಬಿದ್ದಿದ್ದಾರೆ. ಯುಪಿಐನಲ್ಲಿ ದುಡ್ಡು ಪಡೆಯಲು ಸ್ಕ್ಯಾನ್ ಮಾಡಬೇಕಿಲ್ಲ, ಪಿನ್ ಒತ್ತಬೇಕಿಲ್ಲ.

ಇನ್ನೊಂದು ಮಾತನ್ನು ನೇರವಾಗಿ ಹೇಳಬೇಕು. ನಮ್ಮ ಕಡೆ ಕೆಲವು ಮನೆಗಳಲ್ಲಿ ಫೋನು ಎತ್ತಿದ ಕೂಡಲೇ ‘ನೀವು ಯಾವ ಪೈಕಿ?’ ಎಂದು ಕೇಳುವ ಅಭ್ಯಾಸ ಇನ್ನೂ ಇದೆ. ನಮ್ಮಲ್ಲಿ ಸಸ್ಯಾಹಾರ ಮಾತ್ರ ಎನ್ನುವ ಹಕ್ಕು ನಿಮಗಿದೆ. ದೇವರ ಮನೆಗೆ ಯಾರೂ ಬರಬೇಡಿ ಎಂದು ಎಲ್ಲರಿಗೂ ಹೇಳಿದರೆ ಅದೂ ಸರಿ. ಆದರೆ ದುಡ್ಡು ಪಡೆದು ಊಟ ಹಾಕಲು ಕೂತ ಮೇಲೆ ಜಾತಿ ಕೇಳುವುದು, ಅದರ ಮೇಲೆ ಕೋಣೆ ಇಲ್ಲ ಎನ್ನುವುದು, ಕೆಲವರಿಗೆ ಜಗಲಿಯಲ್ಲಿ ಕೆಲವರಿಗೆ ಒಳಗೆ ಎಲೆ ಹಾಕುವುದು ಹೀನ ಕೆಲಸ. ಸಂವಿಧಾನದ 15ನೇ ವಿಧಿ, 1955ರ ನಾಗರಿಕ ಹಕ್ಕುಗಳ ರಕ್ಷಣಾ ಕಾಯ್ದೆ ಇರುವುದು ಇಂಥದ್ದನ್ನು ತಡೆಯಲಿಕ್ಕೇ. ಎಲ್ಲರನ್ನೂ ಸಮನಾಗಿ ಕಾಣುವುದು ಆಗದು ಎನ್ನುವ ಮನೆ ಹೋಂ ಸ್ಟೇ ತೆರೆಯಲೇಬಾರದು.

ಕೊಯ್ಲಿನ ಕಾಲಕ್ಕೇ ಸೀಸನ್ನು

ಅಕ್ಟೋಬರಿನ ದಸರಾ ರಜೆಯಿಂದ ಜನವರಿಯ ತನಕ ಪ್ರವಾಸಿಗರ ಸುಗ್ಗಿ. ತೊಡಕು ಎಂದರೆ ತೋಟದ ಸುಗ್ಗಿಯೂ ಅದೇ ಹೊತ್ತಿಗೆ. ಅಡಿಕೆ ಕೊನೆ ಇಳಿಸುವುದು, ಸುಲಿಯುವುದು, ಬೇಯಿಸುವುದು ಆಗಲೇ. ಅರೇಬಿಕಾ ಹಣ್ಣು ಕೊಯ್ಯುವುದು ನವೆಂಬರಿನಿಂದ, ಅದು ಮುಗಿಯುವಷ್ಟರಲ್ಲಿ ರೊಬಸ್ಟಾ. ಆಳುಗಳಿಗೆ ಅಡುಗೆ ಮಾಡಿ ಹಾಕುವ ಕೈಯೂ ಅತಿಥಿಗಳಿಗೆ ಬಡಿಸುವ ಕೈಯೂ ಒಂದೇ. ಈ ತಿಂಗಳುಗಳಲ್ಲಿ ಯಾವ ಯಾವ ವಾರ ಅತಿಥಿ ಬೇಡ ಎಂದು ಮನೆಯವರೆಲ್ಲ ಕೂತು ಮೊದಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಬೇಕು, ಆ್ಯಪಿನಲ್ಲೂ ಆ ದಿನಗಳನ್ನು ಮುಚ್ಚಬೇಕು. ಕೊಯ್ಲನ್ನೇ ನೋಡಲು ಬಯಸುವ ಅತಿಥಿಗಳೂ ಇದ್ದಾರೆ. ಕಣದಲ್ಲಿ ಕೂತು ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯುವುದನ್ನು ಪೇಟೆಯ ಮಕ್ಕಳು ಕಣ್ಣು ಪಿಳುಕಿಸದೆ ನೋಡುತ್ತಾರೆ.

ಕಾಡಿನ ಪಕ್ಕದ ಮನೆಗೆ ಕಾಡಿನ ಎಚ್ಚರವೂ ಬೇಕು. ಬೇಸಿಗೆ ಮುಗಿಯುವ ತನಕ ಮಂಗನ ಕಾಯಿಲೆಯ ಭಯವಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಿಸಿದ ಈ ಜ್ವರ ಉಣ್ಣೆಯಿಂದ ಹರಡುತ್ತದೆ. ಸತ್ತ ಮಂಗ ಕಂಡುಬಂದ ಕಡೆ ಅತಿಥಿಗಳನ್ನು ನಡೆಸಿಕೊಂಡು ಹೋಗಬೇಡಿ. ಉಣ್ಣೆ ಕಚ್ಚದಂತೆ ಮೈಗೆ ಹಚ್ಚಲು ಆರೋಗ್ಯ ಕೇಂದ್ರದಲ್ಲಿ ಕೊಡುವ ಡೇಪಾ ಎಣ್ಣೆ ಮನೆಯಲ್ಲಿರಲಿ. ಸಕಲೇಶಪುರ, ಕೊಡಗಿನ ಕಡೆ ಆನೆಯ ಓಡಾಟ ಇದ್ದ ರಾತ್ರಿ ಅಂಗಳ ದಾಟಬೇಡಿ ಎಂದು ಕಟ್ಟುನಿಟ್ಟಾಗಿ ಹೇಳಿ. ಕುದುರೆಮುಖದಂಥ ಚಾರಣಕ್ಕೆ ಅರಣ್ಯ ಇಲಾಖೆಯ ಆನ್‌ಲೈನ್ ಟಿಕೆಟ್ ಬೇಕು, ಮುಳ್ಳಯ್ಯನಗಿರಿ ಕಡೆಗೆ ವಾಹನ ಹತ್ತಿಸಲು 2025ರಿಂದ ಮುಂಗಡ ನೋಂದಣಿ ಬೇಕು. ಇದನ್ನು ಬುಕಿಂಗ್ ದಿನವೇ ತಿಳಿಸಿದರೆ ಶನಿವಾರ ಬೆಳಗ್ಗೆ ಚೆಕ್‌ಪೋಸ್ಟಿನಿಂದ ವಾಪಸು ಬಂದ ಅತಿಥಿಯ ಬೇಸರ ತಪ್ಪುತ್ತದೆ.

ರಾತ್ರಿಯ ಸುರಕ್ಷತೆಯನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. 2025ರ ಮಾರ್ಚ್‌ನಲ್ಲಿ ಗಂಗಾವತಿ ತಾಲ್ಲೂಕಿನ ಸಣಾಪುರದ ಬಳಿ, ರಾತ್ರಿ ಕಾಲುವೆಯ ಬದಿಯಲ್ಲಿ ಕೂತಿದ್ದ ಪ್ರವಾಸಿಗರ ಮೇಲೂ ಅವರನ್ನು ಕರೆದೊಯ್ದಿದ್ದ ಹೋಂ ಸ್ಟೇಯ ಮಹಿಳೆಯ ಮೇಲೂ ಘೋರ ದಾಳಿ ನಡೆಯಿತು. ಒಬ್ಬ ಪ್ರವಾಸಿಯ ಜೀವ ಹೋಯಿತು. ಅತಿಥಿಗಳನ್ನು ಹೊರಗೆ ಕರೆದೊಯ್ಯುವವರು ಜಾಗ, ಹೊತ್ತು, ಜತೆಗೆ ಯಾರಿದ್ದಾರೆ ಎಂಬುದನ್ನು ನೋಡಿಯೇ ಹೊರಡಬೇಕು. ಠಾಣೆಯ ನಂಬರು, ಹತ್ತಿರದ ಆಸ್ಪತ್ರೆಯ ನಂಬರು, 112 ಎಲ್ಲವೂ ಕೋಣೆಯ ಗೋಡೆಯ ಮೇಲಿರಲಿ.

ಕೊನೆಯದಾಗಿ ನೆರೆಹೊರೆ. ಅತಿಥಿ ಎಸೆದ ಬಾಟಲಿಯ ಚೂರು ನಾಟಿ ಮಾಡುವವರ ಕಾಲಿಗೆ ಚುಚ್ಚುವುದು ಪಕ್ಕದವರ ಗದ್ದೆಯಲ್ಲಿ. ಮನೆಯಿಂದ ಹೊರಡುವ ಕಸವನ್ನು ಪಂಚಾಯಿತಿಯ ಗಾಡಿಗೆ ಮುಟ್ಟಿಸುವ ಹೊಣೆ ನಿಮ್ಮದು. ಜೀಪು, ಹಾಲು, ಜೇನು, ಅಪ್ಪೆಮಿಡಿ ಉಪ್ಪಿನಕಾಯಿ ಊರಿನವರಿಂದಲೇ ಬರಲಿ. ನಿಮ್ಮ ಅತಿಥಿಯಿಂದ ಅವರಿಗೂ ನಾಲ್ಕು ಕಾಸು ಸಿಕ್ಕರೆ ರಾತ್ರಿ ದಾರಿ ತಪ್ಪಿದ ಕಾರಿಗೆ ಟಾರ್ಚು ಹಿಡಿದು ದಾರಿ ತೋರಿಸಲು ಅವರೇ ಬರುತ್ತಾರೆ.

ಬರುವ ದಸರಾಕ್ಕೆ ಬಾಗಿಲು ತೆರೆಯಬೇಕೆಂದಿದ್ದರೆ ನೋಂದಣಿಯ ಅರ್ಜಿಯನ್ನು ಬೇಸಿಗೆಯಲ್ಲೇ ಹಾಕಿ, ಓಡಾಟಕ್ಕೆ ತಿಂಗಳುಗಳು ಬೇಕಾಗುತ್ತವೆ. ಅರ್ಜಿ ಹಾಕುವ ಮೊದಲು ಮನೆಯಾಕೆಯ ಜತೆ ಕೂತು ಮೇಲಿನ ಲೆಕ್ಕವನ್ನು ನಿಮ್ಮ ಮನೆಗೆ ತಕ್ಕಂತೆ ಬರೆದು ನೋಡಿ. ಆಕೆ ಬೇಡ ಎಂದರೆ ಆ ಯೋಚನೆಯನ್ನು ಅಲ್ಲಿಗೇ ಬಿಡಿ. ಸರಿ ಎಂದರೆ ಬುಕಿಂಗಿನ ದುಡ್ಡು ಬಂದು ಬೀಳುವ ಬ್ಯಾಂಕ್ ಖಾತೆಯನ್ನು ಆಕೆಯ ಹೆಸರಿನಲ್ಲೇ ತೆರೆಯಿರಿ.